ಮೂತ್ರಂ ಪೋಯೋ

ಹುಟ್ಟಿದ ಹದಿನೇಳನೇ ದಿನ
ಮಗುವಿನ ಹೊಟ್ಟೆ ಬಿಗಿದ ಡೋಲು.
ಬಟ್ಟೆ ಒದ್ದೆಯಾಗುತ್ತಿತ್ತು, ಹೌದು,
ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.
ಧಾರೆ ಹೇಗೆ ಬೀಳುತ್ತದೆ, ಕೇಳಿದರು ಡಾಕ್ಟರು.
ಧಾರೆ?
ಮದುವೆಯಲ್ಲಿ ಎರೆಯುವುದು ಗೊತ್ತು ನನಗೆ.
ಇವನದು ಹನಿ, ಹನಿಯ ಹಿಂದೆ ಹನಿ,
ಸರಿಯಾಗಿ ತಿರುಗಿಸದ ನಳ್ಳಿಯ ಹಾಗೆ.

ನಮ್ಮ ಊರಿನ ಹೆಸರು ಬಾಯಾರು.
ನಗಬೇಡಿ. ನೀರಿಗೆಂದೇ
ಗುಡ್ಡದ ಹೊಟ್ಟೆ ಕೊರೆದವರು ನಾವು.
ಅಪ್ಪ ಗುರುವ ತೆಗೆದ ಸುರಂಗ ಅರುವತ್ತೆರಡು,
ನಾನು ತೆಗೆದದ್ದು ಹನ್ನೊಂದು.
ಕುಕ್ಕರಗಾಲಲ್ಲಿ ಕೂತು ಅಗೆಯಬೇಕು,
ಮುರಕಲ್ಲಿಗೆ ಕಿವಿ ಇಟ್ಟು ಒಸರು ಹುಡುಕಬೇಕು.
ಮೇಣದಬತ್ತಿ ಆರಿದರೆ ಮಾತಿಲ್ಲದೆ ಹಿಂದೆ ಬರಬೇಕು,
ಗಾಳಿ ಮುಗಿಯಿತು ಅಂತ ಲೆಕ್ಕ.

ಕಣ್ಣೂರಿನ ದೊಡ್ಡಾಸ್ಪತ್ರೆಯಲ್ಲಿ ಬೆಳಕಿನ ಹಲಗೆಗೆ
ನನ್ನ ಮಗನ ಒಳಗನ್ನು ನೇತು ಹಾಕಿದರು.
ಮೂತ್ರಕೋಶ ಗುಜ್ಜೆಯ ಹಾಗೆ ಮುಳ್ಳುಮುಳ್ಳು,
ಮೇಲಕ್ಕೆ ಎರಡು ನಾಳ, ಉಬ್ಬಿ, ತಿರುಚಿ.
ಮಲಯಾಳದಲ್ಲಿ ಅವರು, ಕನ್ನಡದಲ್ಲಿ ನಾನು,
ತುಳುವಿನಲ್ಲಿ ಅಳುವ ಜಲಜಾಕ್ಷಿ.
ಮೂತ್ರ ಎಂಬ ಒಂದೇ ಪದ
ಎಲ್ಲರ ಬಾಯಲ್ಲೂ ಅದೇ ಆಗಿತ್ತು.

ಡಾಕ್ಟರ್ ಷಾಹಿನ ಕಾಗದದ ಮೇಲೆ ಬರೆದು ತೋರಿಸಿದರು:
ನೀರು ಹೊರಡುವ ದಾರಿಯಲ್ಲೊಂದು ಪರೆ,
ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು,
ಬಸಿರಲ್ಲೇ ಬೆಳೆದದ್ದು.
ನೀರು ಬಂದು ಬಡಿದರೆ ಹಾಯಿಯಂತೆ ಉಬ್ಬಿ
ಬಾಗಿಲು ಹಾಕಿಕೊಳ್ಳುತ್ತದೆ.
ಒತ್ತಡ ಹಿಂದಕ್ಕೆ, ಮೇಲಕ್ಕೆ, ಮೂತ್ರಪಿಂಡಕ್ಕೆ.
ನನಗೆ ಪೂರ್ತಿ ಅರ್ಥವಾಯಿತು.
ಶೇಣಿಯಲ್ಲಿ ಒಂದು ಸುರಂಗದ ಬಾಯಿಗೆ ಮಣ್ಣು ಜರಿದು
ಒಳಗೆ ನೀರು ನಿಂತು, ನಿಂತು
ಗುಡ್ಡವೇ ಕೂತುಬಿಟ್ಟಿತ್ತು.
ಅರ್ಥವಾಗದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಪೆನ್ನಿನ ರೀಫಿಲ್ಲಿನಷ್ಟು ಸಪೂರ ಕೊಳವೆ,
ತುದಿಯಲ್ಲಿ ಬೆಳಕು, ಬೆಳಕಿನ ಪಕ್ಕ ಬಿಸಿ ತಂತಿ.
ಐದು ಗಂಟೆಯ ದಿಕ್ಕಿನಲ್ಲಿ ಒಂದು ಸೀಳು,
ಏಳರ ದಿಕ್ಕಿನಲ್ಲಿ ಇನ್ನೊಂದು.
ಕೂದಲೆಳೆ ಹೆಚ್ಚಾದರೆ ಗೋಡೆ ಹೋಗುತ್ತದೆ.
ಅದೂ ನನಗೆ ಗೊತ್ತಿರುವ ಕೆಲಸವೇ.
ಮಲಯಾಳದ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದೆ.

ಬಾಗಿಲ ಮೇಲೆ ಕೆಂಪು ಬಲ್ಬು.
ಐವತ್ತು ನಿಮಿಷ ಅದನ್ನೇ ನೋಡಿದೆ,
ಆರಬಾರದು ಎಂದೋ
ಆರಲಿ ಎಂದೋ ತಿಳಿಯದೆ.

ಮೂರು ದಿನ ಟ್ಯೂಬು, ಗೆರೆ ಹಾಕಿದ ಚೀಲ.
ಒಂಬತ್ತು ಎಂಎಲ್, ಹನ್ನೆರಡು, ಮತ್ತೆ ಒಂಬತ್ತು.
ಯಾವ ಗುಡ್ಡದ ಒಸರನ್ನೂ ಹೀಗೆ ಅಳೆದವನಲ್ಲ ನಾನು.
ನಾಲ್ಕನೇ ಬೆಳಿಗ್ಗೆ ಟ್ಯೂಬು ತೆಗೆದರು.
ನರ್ಸು ಸಾಲಿ ಬಾಗಿಲಲ್ಲಿ ತಲೆ ಹಾಕಿ,
"ಮೂತ್ರಂ ಪೋಯೋ?"
ಇಲ್ಲ.
ಹತ್ತು ಗಂಟೆಗೆ, ಪೋಯೋ? ಇಲ್ಲ.
ಪಕ್ಕದ ಮಂಚದ ಬ್ಯಾರಿ ಅಜ್ಜಿ ಕೇಳಿದರು,
ನೆಲ ಒರೆಸುವವಳು ಕೇಳಿದಳು,
ಚಹಾ ಮಾರುವ ಹುಡುಗ ಗ್ಲಾಸು ಹಿಡಿದೇ ನಿಂತ.
ದೇವರ ದರ್ಶನಕ್ಕೂ ನಾನು
ಇಷ್ಟು ಜನರೊಡನೆ ಕಾದದ್ದಿಲ್ಲ.

ಬಟ್ಟೆ ಬಿಡಿಸಲು ಜಲಜಾಕ್ಷಿ ಬಗ್ಗಿದಳು.
ಆಗ ಬಂತು,
ಬಿಲ್ಲಿನಂತೆ ಎದ್ದು, ಅವಳ ಗಲ್ಲ ದಾಟಿ,
ನೇರ ನನ್ನ ಅಂಗಿಯ ಜೇಬಿಗೆ.
ಜೇಬಿನಲ್ಲಿ ರೈಲಿನ ಟಿಕೇಟು, ಸೊಸೈಟಿ ಸಾಲದ ಚೀಟಿ.
ಯಾರೂ ಒರೆಸಲಿಲ್ಲ.
ಇದು ಧಾರೆ, ಅಂದಳು ಅವಳು,
ಮದುವೆಯ ದಿನಕ್ಕಿಂತ ಹೆಚ್ಚು ಒದ್ದೆಯಾಗಿ.

ಕತೆ ಅಲ್ಲಿಗೆ ಮುಗಿಯುವುದಿಲ್ಲ.
ಪರೆ ಹೋಯಿತು, ಒತ್ತಿದ್ದು ಹೋಗಲಿಲ್ಲ.
ಎಡಗಡೆಯದು ಕಾಲು ಪಾಲು ಕೆಲಸ ಮಾಡುತ್ತದಂತೆ.
ಮೂರು ತಿಂಗಳಿಗೊಮ್ಮೆ ರಕ್ತ, ರೈಲು, ಚೀಟಿ.
ಮುಂದೇನು ಎಂದರೆ ಷಾಹಿನ ಡಾಕ್ಟರು
ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ.

ಮೋಕ್ಷಿತನಿಗೆ ಈಗ ನಾಲ್ಕು.
ಸುರಂಗದ ಬಾಯಲ್ಲಿ ಚಡ್ಡಿ ಇಳಿಸಿ ನಿಂತು
ಮುರಕಲ್ಲಿನ ಮೇಲೆ ತನ್ನ ಹೆಸರು ಬರೆಯುತ್ತಾನೆ.
ಕುಡಿಯುವ ನೀರು ಮಾರಾಯಾ, ಆಚೆ ಹೋಗು,
ಬೈಯುತ್ತೇನೆ.
ಬೈದು, ಬೆನ್ನು ತಿರುಗಿಸಿ
ಕಿವಿ ಕೊಟ್ಟು ನಿಲ್ಲುತ್ತೇನೆ.